ಉಂಗುರದ ಸಂದಿಯ ಕೆಂಪು

ಜೆಸಿಂತಾ ಪ್ಯಾಂಟಿನ ಎರಡೂ ಜೇಬುಗಳನ್ನು ಆಡಿನ ಕರುಳು ತಿರುವಿದಂತೆ ಹೊರಗೆ ತಿರುವಿ ಹಾಸಿಗೆಯ ಮೇಲೆ ಕೊಡವಿದಳು. ಆಸ್ಪತ್ರೆಯವರು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟ ಪ್ಯಾಂಟು ಅದು. ಅದನ್ನು ತೊಟ್ಟು ಮೊನ್ನೆ ಬೆಳಿಗ್ಗೆ ಹೋಟೆಲಿನ ಕೆಲಸಕ್ಕೆ ಹೋದ ಅವಳ ಗಂಡ ಹ್ಯೂಬರ್ಟ್, ವೈನ್ ಉಗ್ರಾಣದಲ್ಲಿ ಕುಸಿದು, ಅಲ್ಲಿನ ಬಾಟಲಿಗಳಷ್ಟೇ ತಣ್ಣಗಾಗಿದ್ದ. ಜೇಬಿನಿಂದ ಒಂದು ಕರವಸ್ತ್ರ ಬಿತ್ತು. ಅರ್ಧ ಚೀಪಿದ ಪೆಪ್ಪರಮಿಂಟು ಬಿತ್ತು. ಆಮೇಲೆ, ಜೆಸಿಂತಾ ಜನ್ಮದಲ್ಲಿ ಕಂಡಿರದ ಒಂದು ಕೀಲಿಕೈ, ಕಡಲೆಬೇಳೆಯಷ್ಟು ಒಂದು ಕೆಂಪು ಚೂರು.

"ಪ್ಯಾಂಟು ಮೂಸಿ ನೋಡು," ಎಂದಳು ಮೇಬಲ್.

ಮೇಬಲ್ ಬಹರೈನಿನ ಸೆಗಯಾ ಬಡಾವಣೆಯ ಅದೇ ಕಟ್ಟಡದ ಕೆಳಗಿನ ಫ್ಲ್ಯಾಟಿನವಳು. ಎಲ್ಲಿಗೆ ಹೋದರೂ ಮೊದಲು ಅವಳ ಮೂಗು ತಲುಪುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಅವಳು.

ಜೆಸಿಂತಾ ಮೂಸಿದಳು. "ಒಣದ್ರಾಕ್ಷಿ ವಾಸನೆ. ಕೇಕಿನದ್ದಿರ್ಬೇಕು."

"ಈ ಜುಲೈ ತಿಂಗಳಲ್ಲಿ ಯಾರು ಮಾರಾಯ್ತಿ ಕೇಕ್ ಮಾಡುದು? ಆ ಬುದಯ್ಯದವಳೇ ಮಾಡಿರ್ಬೇಕು."

ಬುದಯ್ಯದವಳನ್ನು ಜೆಸಿಂತಾ ಕಂಡಿರಲಿಲ್ಲ. ಆದರೆ ಅವಳಿಲ್ಲದೆ ಒಂದು ಶುಕ್ರವಾರವೂ ಕಳೆದಿರಲಿಲ್ಲ. ಇಗರ್ಜಿಯ ಪೂಜೆ ಮುಗಿದ ಕೂಡಲೇ ಹ್ಯೂಬರ್ಟ್ ಹೆಂಡತಿಯನ್ನು ಮನೆಗೆ ಬಿಟ್ಟು, "ಸ್ನೇಹಿತನ ತೋಟ" ಎಂದು ಪಟ್ಟಣದಾಚೆಯ ಬುದಯ್ಯ ಊರಿನ ದಾರಿ ಹಿಡಿದರೆ ಸಂಜೆಯೇ ಬರುವುದು. ಅಲ್ಲಿನ ತೋಟದ ಗೇಟಿನ ಹತ್ತಿರ ಅವನ ಕಾರನ್ನೂ ನೀರು ಹಾಕುತ್ತಿದ್ದ ಒಬ್ಬ ಹೆಂಗಸನ್ನೂ ಮೇಬಲಳ ಗಂಡ ಒಮ್ಮೆ ನೋಡಿದ್ದ. ಮೇಬಲ್ ಮೊದಲ ಸಲ ಹೇಳುವಾಗ ಹೆಂಗಸು ಮಾತ್ರ ಇದ್ದಳು. ಎರಡನೇ ಸಲ ಅವಳಿಗೆ ನೈಟಿ ಬಂತು. ಈಸ್ಟರ್ ಹಬ್ಬದೊಳಗೆ ಹ್ಯೂಬರ್ಟನದ್ದೇ ಕಿವಿಯ ಎರಡು ಮಕ್ಕಳೂ ಹುಟ್ಟಿದವು.

ಮಗ ಮರ್ವಿನ್ ಬ್ಲ್ಯಾಕ್‌ಬೆರಿ ಕಿವಿಗಿಟ್ಟುಕೊಂಡೇ ಬಾಗಿಲಲ್ಲಿ ನಿಂತ. "ಮಮ್ಮಿ, ಡ್ಯಾಡಿಯ ಸೂಟ್ ಕೊಡಿ. ಮಾರ್ಚುರಿಯಲ್ಲಿ ವೇಟ್ ಮಾಡ್ತಿದ್ದಾರೆ."

"ತಕೋ. ಒಂದು ಮಾತು ಕೇಳಿ ಹೋಗು. ಆ ಹೆಂಗಸು ಇವತ್ತು ಇಗರ್ಜಿಗೆ ಕಾಲಿಟ್ಟರೆ ನಿನ್ನ ಡ್ಯಾಡಿಗೆ ನಾನು ಕೊನೆಯ ಮುತ್ತು ಕೊಡುದಿಲ್ಲ. ಪೆಟ್ಟಿಗೆ ಹಾಗೇ ಮುಚ್ಚಿ."

"ಮಮ್ಮಿ, ಪ್ಲೀಸ್! ಎಲ್ಲರೂ ನೋಡ್ತಾರೆ."

"ನೋಡ್ಲಿ ಅಂತಲೇ."

ಹೆಂಡತಿ ಮುತ್ತು ಕೊಡದೆ ಪೆಟ್ಟಿಗೆ ಮುಚ್ಚಿದರೆ ಆ ಸುದ್ದಿ ವಿಮಾನಕ್ಕಿಂತ ಮೊದಲು ಮಂಗಳೂರು ಮುಟ್ಟುತ್ತದೆ. ಅದು ಮರ್ವಿನನಿಗೂ ಗೊತ್ತಿತ್ತು, ಜೆಸಿಂತಾಳಿಗೂ ಗೊತ್ತಿತ್ತು. ಮೇಬಲಳಿಗಂತೂ ಯಾರು ಯಾರಿಗೆ ಫೋನ್ ಮಾಡಬೇಕೆಂಬುದೂ ಗೊತ್ತಿತ್ತು.

ಮಗ ಹೋದ ಮೇಲೆ ಜೆಸಿಂತಾ ಆ ಕೆಂಪು ಚೂರನ್ನು ತನ್ನ ಮದುವೆಯ ಉಂಗುರದ ಪಕ್ಕಕ್ಕೆ ಹಿಡಿದಳು. ಈ ಕೆಂಪನ್ನು ಅವಳು ಹಿಂದೆಯೂ ನೋಡಿದ್ದಳು.

*

ಆ ಉಂಗುರದ ಮೇಲೆ ಉಬ್ಬಿದ ಪುಟ್ಟ ಶಿಲುಬೆಯಿದೆ. ಏಡಿಯ ಕಾಲು ಜಜ್ಜುವಾಗ ಗುಂಡುಕಲ್ಲು ತಾಗಿ ಅದರ ಬಲತೋಳು ಹಾರಿಹೋಗಿತ್ತು. ಉಳಿದದ್ದು ಒಂದೇ ಕೈಯ ಶಿಲುಬೆ.

ಮರ್ವಿನ್ ಕಾಲೇಜು ಸೇರಿದ ವರ್ಷ, ಒಂದು ಶುಕ್ರವಾರ, ಹ್ಯೂಬರ್ಟ್ ಕೈ ಚಾಚಿದ. "ನಿನ್ನ ಉಂಗುರ ಬಿಗಿಯಾಗಿದೆ. ಕೊಡು, ಸೂಕಿನ ಚಿನ್ನದ ಪೇಟೆಯಲ್ಲಿ ಸಡಿಲ ಮಾಡಿಸಿ ತರ್ತೇನೆ."

ಗಂಡ ತಾನಾಗಿ ಕೈಯತ್ತ ನೋಡಿದ್ದೇ ದೊಡ್ಡದೆಂದು ಅವಳು ಸೋಪು ಹಚ್ಚಿ ಎಳೆದು ಕೊಟ್ಟಳು. ಸಂಜೆ ಉಂಗುರ ಬಂತು. ಸಾಸಿವೆಯಷ್ಟೂ ಸಡಿಲವಾಗಿರಲಿಲ್ಲ. ಶಿಲುಬೆಯ ಸಂದಿಯಲ್ಲಿ ಕೆಂಪು ಕೂತಿತ್ತು.

"ಇದೆಂತ ಕೆಂಪು?"

"ಆಚಾರಿ ಅಂಗಡಿಯದ್ದು," ಎಂದು ಹ್ಯೂಬರ್ಟ್ ಸ್ನಾನಕ್ಕೆ ಹೋದವನು ಒಂದು ಟ್ಯಾಂಕ್ ನೀರು ಮುಗಿಸಿ ಬಂದ.

ಮರುದಿನ ಮೇಬಲ್ ಉಂಗುರವನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ತೀರ್ಪು ಕೊಟ್ಟಳು. "ನೈಲ್ ಪಾಲಿಶ್. ಯಾರದ್ದೋ ಬೆರಳಿಗೆ ಹೋಗಿ ಬಂದಿದೆ ಇದು."

ಜೆಸಿಂತಾ ಮತ್ತೆ ಕೇಳಲಿಲ್ಲ. ಮೀನುಸಾರಿನ ಉಪ್ಪನ್ನು ಮಾತ್ರ ಹೆಚ್ಚಿಸಿದಳು. ಹ್ಯೂಬರ್ಟ್ ಆರು ವರ್ಷ ಅರಬ್ಬಿ ಸಮುದ್ರದಂಥ ಸಾರು ಉಂಡ.

*

ಇಗರ್ಜಿಯಲ್ಲಿ ಏಸಿ ಇದ್ದರೂ ಜನರ ಉಸಿರಿಗೆ ಬೆವರು ಹರಿಯುತ್ತಿತ್ತು. ಪೆಟ್ಟಿಗೆಯೊಳಗೆ ಹ್ಯೂಬರ್ಟ್ ಮದುವೆಯ ಸೂಟಿನಲ್ಲಿ, ಏನೋ ಮುಚ್ಚಿಟ್ಟವನ ಹಾಗೆ ತುಟಿ ಬಿಗಿದು ಮಲಗಿದ್ದ.

ಮೇಬಲಳ ಮೊಣಕೈ ಜೆಸಿಂತಾಳ ಪಕ್ಕೆಲುಬಿಗೆ ಬಿತ್ತು. "ಬಂದ್ಳು."

ನಡುವಯಸ್ಸಿನ, ಒಣಕಲು ಮೈಯ ಹೆಂಗಸು ನೇರ ಮುಂದಿನ ಬೆಂಚಿನ ತನಕ ಬಂದು ಬಗ್ಗಿದಳು. ಮೇಬಲ್ ಮೊದಲು ನೋಡಿದ್ದು ಅವಳ ಉಗುರು. ಬುಡದ ತನಕ ಕತ್ತರಿಸಿದ್ದವು, ಅಂಚಿನಲ್ಲಿ ಮಣ್ಣಿತ್ತು.

"ಪಾಲಿಶ್ ಉಜ್ಜಿ ತೆಗೆದಿದ್ದಾಳೆ," ಎಂದು ಮೇಬಲ್ ಪಿಸುಗುಟ್ಟಿದಳು.

"ಜೆಸಿಂತಾಬಾಯಿ, ನಾನು ಜೋಸೆಫಿನ್. ಬುದಯ್ಯ ತೋಟದಲ್ಲಿ ಕೆಲಸಕ್ಕಿರುದು. ಪೆಟ್ಟಿಗೆ ಮುಚ್ಚುವ ಮೊದಲು ನೀವೊಮ್ಮೆ ಹೊರಗೆ ಬರ್ಬೇಕು. ಹ್ಯೂಬರ್ಟ್‌ಬಾಬ್ ಹೇಳಿಟ್ಟದ್ದು."

"ಮಕ್ಕಳನ್ನೂ ಕರ್ಕೊಂಡು ಬಂದಿದ್ದೀಯಾ?"

"ಯಾವ ಮಕ್ಕಳು?"

ಜೆಸಿಂತಾ ಎದ್ದಳು. ಜಗಳವಾದರೆ ಸತ್ತವನ ಎದುರು ಬೇಡ, ಬಿಸಿಲಿನಲ್ಲಾಗಲಿ ಎಂದುಕೊಂಡಳು. ಮೇಬಲ್ ಅವಳಿಗಿಂತ ಮೊದಲು ಬಾಗಿಲಲ್ಲಿದ್ದಳು.

ಗೋಡೆಯ ನೆರಳಲ್ಲಿ ತೋಟದ ಪಿಕಪ್ ನಿಂತಿತ್ತು. ಜೋಸೆಫಿನ್ ಟೊಮೆಟೊ ಪೆಟ್ಟಿಗೆಗಳನ್ನು ಸರಿಸಿ ಒದ್ದೆ ಗೋಣಿ ಎತ್ತಿದಳು. ಕೆಳಗೆ ಪ್ರೆಷರ್ ಕುಕ್ಕರಿನಷ್ಟು ದೊಡ್ಡ ಮರದ ಪೀಪಾಯಿ. ಅದರ ಬಾಯಿಗೆ ದಪ್ಪನೆಯ ಕೆಂಪು ಅರಗು.

"ಎಂತ ಇದು?"

"ವೈನ್. ಅವರ ಇಟಲಿ ನಮೂನೆದ್ದು. ತೋಟದ ಮನೆ ಟೆರೇಸಿನ ತಗಡಿನ ರೂಮಲ್ಲಿ ಇಟ್ಟಿದ್ರು. ಶುಕ್ರವಾರ ಶುಕ್ರವಾರ ಬಂದು ಸೋರಿದಲ್ಲಿಗೆ ಅರಗು ಹಚ್ತಿದ್ರು."

"ಮೆಲ್ಲ ಮಾತಾಡು! ಮನೆಯಲ್ಲಿ ವೈನ್ ಮಾಡಿದ್ರೆ ಇಲ್ಲಿ ಜೈಲು, ರಸ್ತೆಯಲ್ಲಿ ಪೊಲೀಸ್ ನಿಂತಿದ್ದಾನೆ." ಜೆಸಿಂತಾ ರವಿಕೆಯಿಂದ ಕೀಲಿಕೈ ತೆಗೆದಳು. "ಇದು ಆ ರೂಮಿಂದಾ?"

"ಹೌದು. ಇನ್ನೊಂದು ನನ್ನ ಹತ್ರ ಉಂಟು."

"ಕೇಳಿದ್ಯಾ?" ಎಂದಳು ಮೇಬಲ್. "ಇನ್ನೊಂದು ಇವಳ ಹತ್ರ ಉಂಟಂತೆ."

ಜೋಸೆಫಿನ್ ಅತ್ತ ನೋಡದೆ ಹೇಳಿದಳು, "ಇಟಲಿಯಲ್ಲಿ ಯಜಮಾನ ಸತ್ತರೆ, ಪೆಟ್ಟಿಗೆ ಮುಚ್ಚುವ ಮೊದಲು ಮನೆಯವಳು ಬಂದು ಇದಕ್ಕೆ ಹೇಳ್ಬೇಕಂತೆ. ಇಲ್ಲದಿದ್ರೆ ಹುಳಿಯಾಗ್ತದಂತೆ. ನಿಮಗೆ ಗೊತ್ತುಂಟಲ್ವಾ ಆ ಕತೆ?"

*

ಜೆಸಿಂತಾಳಿಗೆ ಆ ಕತೆ ಅರ್ಧ ಗೊತ್ತಿತ್ತು. ಉಳಿದರ್ಧವನ್ನು ಜೋಸೆಫಿನ್ ಪಿಕಪ್ಪಿನ ಪಕ್ಕ ನಿಂತು ಹೇಳಿದಳು.

ಮದುವೆಗೆ ಮೊದಲು ಹ್ಯೂಬರ್ಟ್ ಇಟಲಿಯ ಒಂದು ಗುಡ್ಡದ ಮೇಲೆ ತೆರೆಂಜಾನಿ ಮನೆತನದವರ ದ್ರಾಕ್ಷಿತೋಟದಲ್ಲಿ ದುಡಿದಿದ್ದ. ನಾನೂರು ವರ್ಷದಿಂದ ಅದೇ ಮನೆಯವರು, ಅದೇ ಗುಡ್ಡ. ಮನೆಯೊಡತಿ ಅಸ್ಸುಂತಾ ಅಜ್ಜಿಯನ್ನು ನೋಡಿದರೆ ಆ ನಾನೂರು ವರ್ಷವೂ ಅವಳೇ ಇದ್ದಳು ಅನ್ನಿಸುತ್ತಿತ್ತು. ಕೊಯ್ದ ಗೊಂಚಲುಗಳಲ್ಲಿ ಒಳ್ಳೆಯವನ್ನು ಆರಿಸಿ ಅಟ್ಟದ ತೊಲೆಗಳಿಗೆ ಹಗ್ಗದಲ್ಲಿ ನೇತುಹಾಕುತ್ತಿದ್ದರು. ಕ್ರಿಸ್ಮಸ್ ಹೊತ್ತಿಗೆ ಅವು ಅಜ್ಜಿಯ ಕೆನ್ನೆಯ ಹಾಗೆ ಸುಕ್ಕುಗಟ್ಟುತ್ತಿದ್ದವು. ಆಗ ಹಿಂಡುವುದು. ಬೆಟ್ಟದಷ್ಟು ಹಣ್ಣಿಗೆ ಬೊಗಸೆಯಷ್ಟು ರಸ. ಸಣ್ಣ ಪೀಪಾಯಿಗಳನ್ನು ಯಾರೂ ತೊಳೆಯುವಂತಿಲ್ಲ, ತಳದಲ್ಲಿ ಹಿಂದಿನವರು ಬಿಟ್ಟ ಗಷ್ಟು ಇರಲೇಬೇಕು. ರಸ ತುಂಬಿ, ಅರಗು ಹಾಕಿ, ನೆಲಮಾಳಿಗೆಗಲ್ಲ, ಹಂಚಿನ ಕೆಳಗಿನ ಅದೇ ಅಟ್ಟಕ್ಕೆ. ಬೇಸಿಗೆ ಅದನ್ನು ಬೇಯಿಸಬೇಕು, ಚಳಿ ಅದನ್ನು ಮಲಗಿಸಬೇಕು. ವರ್ಷಗಟ್ಟಲೆ.

ಬಿಸಿ ಅರಗಿಗೆ ಮನೆಯೊಡತಿ ತನ್ನ ಮದುವೆಯುಂಗುರ ಒತ್ತುತ್ತಿದ್ದಳು. ಒತ್ತಿದ ಮೇಲೆ ಅದು ಅವಳದ್ದು. ಗಂಡನೂ ಮುಟ್ಟುವಂತಿಲ್ಲ.

ಅಲ್ಲಿನ ಯಜಮಾನ ಸತ್ತ ದಿನ ಪಾದ್ರಿ, ಊರು, ಹೆಣ ಎಲ್ಲರೂ ಕೆಳಗೆ ಕಾದರು. ಅಸ್ಸುಂತಾ ಅಜ್ಜಿ ಒಬ್ಬಳೇ ಏಣಿ ಹತ್ತಿದಳು. ಏಣಿಯ ಬುಡ ಹಿಡಿದವನು ಹ್ಯೂಬರ್ಟ್. ಮೇಲೆ ಅವಳು ಒಂದೊಂದು ಮುದ್ರೆಗೂ ಉಂಗುರ ತಾಗಿಸಿ, "ಅವನು ಹೋದ. ನಾನಿದ್ದೇನೆ," ಅನ್ನುವುದು ಕೇಳಿಸಿತು. ಇಳಿದು ಬಂದ ಮೇಲೆಯೇ ಗಂಡನಿಗೆ ಮುತ್ತು ಕೊಟ್ಟಳು. ಹ್ಯೂಬರ್ಟ್ ಊರಿಗೆ ಹೊರಟಾಗ ಪುಟ್ಟ ಬಾಟಲಿಯಲ್ಲಿ ಒಂದಿಷ್ಟು ಗಷ್ಟು ಅವನ ಕೈಗಿಟ್ಟಿದ್ದಳು.

ಈ ಕತೆಯನ್ನು ಹೆಂಡತಿಗೆ ಹೇಳಲು ಹ್ಯೂಬರ್ಟ್ ನೂರು ಸಲ ಹೊರಟಿದ್ದ. ಅವನು ಏಣಿಯ ಹತ್ತಿರ ಬರುವಾಗ ಜೆಸಿಂತಾ ಮಿಕ್ಸಿ ಹಾಕುತ್ತಿದ್ದಳು.

*

"ನನ್ನ ಹತ್ರ ಯಾಕೆ ಮುಚ್ಚಿಟ್ಟ?" ಎಂದಳು ಜೆಸಿಂತಾ.

"ನಿಮಗೆ ಹೇಳಿದ್ರೆ ಮೇಬಲ್‌ಬಾಯಿಗೆ, ಅವರಿಗೆ ಹೇಳಿದ್ರೆ ಇಡೀ ಮನಾಮಕ್ಕೆ. ಮತ್ತೆ ಜೈಲಿಗೆ ಊಟ ತರುವ ಕೆಲಸ ನಿಮಗೇ ಅಂತ ನಗಾಡ್ತಿದ್ರು. ಮರ್ವಿನ್ ಮದುವೆ ದಿನ ನಿಮ್ಮ ಕೈಯಲ್ಲೇ ಒಡೆಸ್ಬೇಕು ಅಂತ ಇತ್ತು."

"ಆ ಏಣಿ ಕತೆ... ನಿನಗೆ ಪೂರ್ತಿ ಹೇಳಿದ್ನಾ?"

"ಎಷ್ಟು ಸಲ!"

"ನೀನು ಕೂತು ಕೇಳಿದ್ದಾ?"

"ಗಿಡಕ್ಕೆ ನೀರು ಹಾಕ್ತಾ ಕೇಳ್ತಿದ್ದೆ. ಅವರು ನಿಲ್ಲಿಸ್ಬೇಕಲ್ವಾ?"

ಜೆಸಿಂತಾ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನೈಟಿಯನ್ನಾದರೂ ಸಹಿಸಬಹುದಿತ್ತು. ಇವಳು ಕತೆ ಕೇಳಿದ್ದಳು.

"ನಂಬಬೇಡ," ಎಂದಳು ಮೇಬಲ್. "ಶಿಲುಬೆ ಉಂಗುರ ಸೂಕಿನಲ್ಲಿ ರಾಶಿ ಬಿದ್ದಿದೆ. ಯಾವಳದ್ದೋ ಒತ್ತಿರ್ಬಹುದು."

ಜೆಸಿಂತಾ ಬಗ್ಗಿದಳು. ಅರಗಿನಲ್ಲಿ ಒಂದು ಶಿಲುಬೆ ಕುಳಿಬಿದ್ದಿತ್ತು. ಅದಕ್ಕೆ ಒಂದೇ ಕೈ.

ಅವಳು ಬೆರಳು ಮಡಚಿ ಉಂಗುರವನ್ನು ಆ ಕುಳಿಯಲ್ಲಿಟ್ಟಳು. ಅದು ತನ್ನ ಗೂಡಿಗೆ ಕೂತಿತು. ಬಹರೈನಿನ ಜುಲೈಗೆ ಅರಗು ಮೆತ್ತಗಾಗಿತ್ತು. ಎತ್ತುವಾಗ ಉಂಗುರಕ್ಕೆ ಕೆಂಪು ಎಳೆಯೊಂದು ಅಂಟಿಕೊಂಡು ಬಂತು.

"ಅವನು ಹೋದ," ಎಂದಳು ಪೀಪಾಯಿಗೆ. "ಕಳ್ಳ. ನಾನಿದ್ದೇನೆ."

ಮರ್ವಿನ್ ಮೆಟ್ಟಿಲಿಂದ ಕೂಗಿದ. "ಮಮ್ಮಿ, ಫಾದರ್ ಕೇಳ್ತಿದ್ದಾರೆ. ಖಲಾಸ್, ಮುಚ್ಚುದಾ?"

"ಮುಚ್ಚಿ ನೋಡು ನೀನು!"

ಅವಳು ನಡುದಾರಿಯಲ್ಲಿ ನಡೆದ ರಭಸಕ್ಕೆ ಮೇಣದಬತ್ತಿಗಳು ಬಾಗಿದವು. ಹ್ಯೂಬರ್ಟನ ಮುಖವನ್ನು ಎರಡೂ ಕೈಯಲ್ಲಿ, ಉಂಗುರದ ಬೆರಳು ಮಡಚಿಕೊಂಡೇ ಹಿಡಿದು, ಹಣೆಗೆ ಮುತ್ತು ಕೊಟ್ಟು, ಹಾಗೇ ನಿಂತಳು, ಪಾದ್ರಿ ಎರಡು ಸಲ ಕೆಮ್ಮುವ ತನಕ.

ಅವಳು ಕೈ ತೆಗೆದಾಗ ಅವನ ಬಿಳಿಚಿದ ಕೆನ್ನೆಯ ಮೇಲೆ ಒಂದು ಕೆಂಪು ಗುರುತು ಉಳಿದಿತ್ತು. ಹಿಂದಿನ ಸಾಲುಗಳ ಕತ್ತುಗಳು ಒಂದು ಗೇಣು ಉದ್ದವಾದವು.

"ಲಿಪ್‌ಸ್ಟಿಕ್ಕಾ?"

"ಜೆಸಿಂತಾ ಎಲ್ಲಿ ಹಚ್ತಾಳೆ ಮಾರಾಯ್ತಿ? ಈಗ ಬಂದಳಲ್ಲ, ಅವಳದ್ದಿರ್ಬೇಕು."

ಮೇಬಲ್ ಕರವಸ್ತ್ರದ ತುದಿಗೆ ಎಂಜಲು ಹಚ್ಚಿ ಒರೆಸಲು ಬಗ್ಗಿದಳು. ಜೆಸಿಂತಾ ಅವಳ ಮಣಿಕಟ್ಟನ್ನು ಗಾಳಿಯಲ್ಲೇ ಹಿಡಿದಳು. ಮುಚ್ಚಳ ಇಳಿಯುತ್ತಾ ಬಂದು ಹಣೆಯನ್ನು, ಮೂಗನ್ನು ನೆರಳು ನುಂಗುವವರೆಗೂ ಆ ಹಿಡಿತ ಬಿಡಲಿಲ್ಲ. ಕಟ್ಟಕಡೆಗೆ ಸಂದಿನಲ್ಲಿ ಕಂಡದ್ದು ಕೆನ್ನೆಯ ಮೇಲಿನ ಆ ಕೆಂಪು, ಒಂದೇ ಕೈಯ ಶಿಲುಬೆ.