ಮಾತಿಲ್ಲದ ವಿಡಿಯೋಗಳು

ಕೈತಪ್ಪಿ ರೆಕಾರ್ಡ್ ಆದವೇ ಇರಬೇಕು. ಇಲ್ಲದಿದ್ದರೆ ಒಂದರಲ್ಲೂ ಒಂದು ಮಾತು ಯಾಕಿಲ್ಲ? ಏಸಿಯ ಗುಂಯ್ ಎನ್ನುವ ಸದ್ದು, ದೂರದಲ್ಲಿ ಯಾವುದೋ ಲಾರಿಯ ಹಾರ್ನ್, ಅಷ್ಟೇ. ಆದರೆ ಎರಡು ವರ್ಷ, ದಿನ ಬಿಡದೆ, ಒಬ್ಬ ಮನುಷ್ಯನಿಗೆ ಕೈತಪ್ಪುತ್ತದೆಯೇ?

ಧನರಾಜ ಹನ್ನೆರಡನೆಯ ವಿಡಿಯೋದ ಮೇಲೆ ಬೆರಳಿಟ್ಟು ಕುಳಿತಿದ್ದ. ಮೊದಲಿನ ಹನ್ನೊಂದನ್ನು ಅಳಿಸಿಯಾಗಿತ್ತು.

ಫೋನು ಫೌಝಿಯಾ ಎಂಬ ಹೆಂಗಸಿನದು. ಬೆಳಿಗ್ಗೆ ಉಪ್ಪಳ ಪೇಟೆಯಲ್ಲಿರುವ ಬಾವಾರ ಮೊಬೈಲ್ ಅಂಗಡಿಯ ಬಾಗಿಲು ತೆಗೆಯುವುದನ್ನೇ ಕಾದು ನಿಂತಿದ್ದಳು. "ನಾಲ್ಕು ದಿನ ಆಯಿತು, ವಾಟ್ಸಾಪ್ ತೆರೆಯುವುದಿಲ್ಲ. ಹಳತಾಗಿದೆ, ಅಪ್‌ಡೇಟ್ ಮಾಡಿ ಅಂತ ಬರ್ತದೆ. ಮಾಡಲಿಕ್ಕೆ ಹೋದರೆ ಜಾಗ ಇಲ್ಲ ಅಂತ ಬರ್ತದೆ. ಕೆಲಸಕ್ಕೆ ಬಾರದ್ದೆಲ್ಲ ತೆಗೆದುಬಿಡಿ. ಮಗಳ ಉಪ್ಪ, ನನ್ನ ಗಂಡ, ಶಾರ್ಜಾದಲ್ಲಿ ಇರುವುದು. ಅವಳು ನಾಲ್ಕು ದಿನದಿಂದ ಸರಿಯಾಗಿ ಅನ್ನ ಮುಟ್ಟಲಿಲ್ಲ."

ಫೋನ್ ಮಾಡಿ ಮಾತಾಡಬಹುದಲ್ಲ ಎಂದು ಧನರಾಜನ ಬಾಯಿಗೆ ಬಂದಿತ್ತು. ಕೇಳಲಿಲ್ಲ. ಜನರ ಮನೆಯ ವಿಷಯ ಕೇಳುವವನಲ್ಲ ಅವನು. ಅವಳು ಮಗಳನ್ನು ಶಾಲೆಯಿಂದ ಕರೆದುಕೊಂಡು ಬರುತ್ತೇನೆ ಎಂದು ಹೇಳಿ ಹೋದಳು.

ಹದಿನಾರು ಜಿಬಿಯ ಫೋನು ಅಂಚಿನವರೆಗೆ ತುಂಬಿತ್ತು. ತುಂಬಿದ್ದೆಲ್ಲ ವಿಡಿಯೋ. ಧನರಾಜ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಬೇರೊಬ್ಬರ ಫೋನಿನ ಸ್ಕ್ರೂ ಬಿಚ್ಚುತ್ತ, ಹಳೆಯದರಿಂದ ಶುರು ಮಾಡಿ ಒಂದೊಂದಾಗಿ ಕೇಳಿದ್ದ. ಕೇಳಿದ್ದ ಮಾತ್ರ, ನೋಡಿರಲಿಲ್ಲ. ಮಾತಿಲ್ಲದ ಹನ್ನೊಂದನ್ನು ಅಳಿಸಿ ಅಪ್‌ಡೇಟ್ ಒತ್ತಿದರೆ ಅದು ಅರ್ಧ ದಾರಿಗೆ ಬಂದು ಮತ್ತೆ ನಿಂತಿತು. ಜಾಗ ಸಾಲದು.

"ಎಂತ ಮಾರಾಯ, ಧ್ಯಾನವಾ?" ಬಾವಾ ಹಣದ ಕೌಂಟರಿನಿಂದ ಕೂಗಿದರು. "ಎಂ.ಎ. ಕಲಿತವರಿಗೆ ಡಿಲೀಟ್ ಒತ್ತಲಿಕ್ಕೂ ಪ್ರಬಂಧ ಬರೀಬೇಕಾ?"

"ಒಂದು ನಿಮಿಷ ಕಾಕ."

ಅವನು ಇಯರ್‌ಫೋನ್ ತೆಗೆದಿಟ್ಟು, ಹನ್ನೆರಡನೆಯದನ್ನು ಮೊದಲಿನಿಂದ ನೋಡಿದ.

ನಿಲ್ಲಿಸಿದ ವ್ಯಾನು. ಡ್ರೈವರ್ ಸೀಟಿನಲ್ಲಿ ನಲವತ್ತು ದಾಟಿದ ಗಂಡಸು. ಹಿಂದಿನ ಗಾಜಿನಾಚೆ ರಸ್ತೆಯೇ ಕಾಣದ ಹಾಗೆ ಕಂದು ಧೂಳು. ಅವನು ಹೊರಗೆ ಬೆರಳು ತೋರಿಸಿದ. ಆಮೇಲೆ ಎರಡೂ ಕೈಗಳನ್ನು ಮುಖದ ಮುಂದೆ ತಂದು ಬೆರಳುಗಳನ್ನು ಅರಳಿಸುತ್ತ ಮೇಲಕ್ಕೆತ್ತಿ, ಕಣ್ಣು ಬಿಗಿಯಾಗಿ ಮುಚ್ಚಿದ. ಮೂರು ಸಲ ಹಾಗೆಯೇ ಮಾಡಿದ. ಕೊನೆಗೆ ಹುಬ್ಬೇರಿಸಿ, ಸರಿಯಾ ಎಂದು ಕೇಳುವವನಂತೆ ಕಾದ.

ಮರುದಿನದ್ದು ಇದೇ ಫೋನಿನಿಂದ ಹೋದ ವಿಡಿಯೋ. ಬಾವಿಕಟ್ಟೆಯ ಹತ್ತಿರ ಹದಿಮೂರು ಹದಿನಾಲ್ಕರ ಹುಡುಗಿ. ಅವಳು ಅಪ್ಪ ಮಾಡಿದಂತೆಯೇ ಒಮ್ಮೆ ಮಾಡಿ, ಬೇಡ ಎಂದು ತಲೆಯಾಡಿಸಿದಳು. ಒಂದೇ ಕೈ ಎತ್ತಿ ಬೆರಳು ಅರಳಿಸಿ, ಇನ್ನೊಂದು ಕೈಯನ್ನು ಕಣ್ಣಿಗೆ ಅಡ್ಡ ಹಿಡಿದಳು. ಅದರ ಮಾರನೆಯ ದಿನ ಅಪ್ಪ ಅವಳು ಮಾಡಿದ ಹಾಗೆಯೇ ಮಾಡಿ, ಸ್ಟಿಯರಿಂಗ್ ಮೇಲೆ ಬಡಿದು ನಕ್ಕ.

ವಾರದ ನಂತರದ ವಿಡಿಯೋದಲ್ಲಿ ಆ ಕೈ, ಆ ಕಣ್ಣು, ಯಾವುದೋ ಉದ್ದ ಕತೆಯ ನಡುವೆ ಅರೆಕ್ಷಣ ಬಂದು ಹೋಯಿತು. ನಾವು 'ಧೂಳು' ಎಂದು ಹೇಳಿ ಮುಂದೆ ಹೋಗುವಷ್ಟು ಸಲೀಸಾಗಿ.

ಧನರಾಜನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಮೇಜಿನ ಮೇಲೆ ಉರುಳಿತು. ಪರೀಕ್ಷೆಯಲ್ಲಿ ಅವನು ಭಾಷೆಯ ಹುಟ್ಟಿನ ಬಗ್ಗೆ ಹದಿನೈದು ಅಂಕದ ಉತ್ತರ ಬರೆದಿದ್ದ. ಒಂದು ಪದ ಹುಟ್ಟುವುದನ್ನು ಕಣ್ಣಾರೆ ಕಂಡಿರಲಿಲ್ಲ.

ಅವನು ನೋಡುತ್ತ ಹೋದ. ಕಿವಿಯ ಹಾಲೆ ಚಿವುಟಿದರೆ ತಾಯಿ. ಅಂಗೈ ಮೇಲೆ ಬೆರಳುಗಳ ತುದಿ ತಟ್ಟಿದರೆ ಮಳೆ. ಗಲ್ಲಕ್ಕೆ ತೋರುಬೆರಳು ಒತ್ತಿದರೆ ಆ ಹುಡುಗಿಯೇ. ಅಲ್ಲಿ ಅವಳಿಗೊಂದು ಗುಳಿ ಬೀಳುತ್ತಿತ್ತು. ಬೆಳಿಗ್ಗೆಯಿಂದ ಇದೇ ಮೇಜಿನಲ್ಲಿ ತುಳು, ಬ್ಯಾರಿ, ಮಲಯಾಳ, ಕನ್ನಡ ನಾಲ್ಕರಲ್ಲೂ ಅವನು ರೀಚಾರ್ಜ್ ಮಾಡಿಕೊಟ್ಟಿದ್ದ. ಈ ಪಂಚಾಯತಿನಲ್ಲಿ ಇಂಥದ್ದೂ ಒಂದು ಭಾಷೆ ಉಂಟೆಂದು ಯಾರೂ ಹೇಳಿರಲಿಲ್ಲ. ಗಂಟೆಯೊಂದು ಕಳೆದ ಮೇಲೆ ಒಂದು ಇಡೀ ವಾಕ್ಯ ಅವನಿಗೆ ತಾನಾಗಿ ಅರ್ಥವಾಯಿತು: ಇಲ್ಲಿ ಧೂಳು, ಅಲ್ಲಿ ಮಳೆಯಾ? ಕಣ್ಣು ಮಂಜಾಯಿತು. ದೇವಸ್ಥಾನದಲ್ಲಿಯೂ ಅವನಿಗೆ ಹೀಗೆ ಆದದ್ದಿಲ್ಲ.

ಆಗ ಅಳಿಸಿದ ಹನ್ನೊಂದು ನೆನಪಾದವು.

ಅವು ೨೦೧೬ರ ಜೂನಿನವು, ಆ ಮನುಷ್ಯ ಶಾರ್ಜಾಕ್ಕೆ ತಲುಪಿದ ಹೊಸತರವು. ಧನರಾಜ ಫೋನನ್ನು ಅಂಗಡಿಯ ಕಂಪ್ಯೂಟರಿಗೆ ಜೋಡಿಸಿದ, ಅಳಿಸಿದ್ದನ್ನು ಹಿಂದೆ ತರುವ ಎರಡು ಪ್ರೋಗ್ರಾಮ್ ಓಡಿಸಿದ. ಎಂತದೂ ಬರಲಿಲ್ಲ. ಹುಡುಕುತ್ತ ಫೋಲ್ಡರಿನಿಂದ ಫೋಲ್ಡರಿಗೆ ಹೋದಾಗ ಡೌನ್‌ಲೋಡ್ ಎಂಬಲ್ಲಿ ಬೇರೆಯೇ ಒಂದು ಸಿಕ್ಕಿತು. ಇಪ್ಪತ್ತಮೂರು ತುಂಡು ಫೈಲುಗಳು. ನಾಲ್ಕು ದಿನದಿಂದ ಯಾರೋ ಅಪ್‌ಡೇಟನ್ನು ಇಳಿಸಲು ಮತ್ತೆ ಮತ್ತೆ ಪ್ರಯತ್ನಿಸಿದ್ದರು. ಪ್ರತಿ ಸಲವೂ ಅದು ಅರ್ಧಕ್ಕೆ ನಿಂತು, ಇಳಿದಷ್ಟು ತುಂಡು ಅಲ್ಲೇ ಉಳಿದು, ಮುಂದಿನ ಸಲಕ್ಕೆ ಇದ್ದ ಜಾಗವನ್ನೂ ತಿಂದಿತ್ತು.

ಆ ಇಪ್ಪತ್ತಮೂರನ್ನು ತೆಗೆದದ್ದೇ ಜಾಗ ಆಯಿತು. ಆರು ನಿಮಿಷದಲ್ಲಿ ಅಪ್‌ಡೇಟ್ ಇಳಿದು ಕೂತಿತು. ಒಂದೇ ಒಂದು ವಿಡಿಯೋ ಅಳಿಸುವ ಅಗತ್ಯ ಇರಲಿಲ್ಲ.

ಮೂರೂವರೆಗೆ ಫೌಝಿಯಾ ಬಂದಳು. ಜೊತೆಗೆ ಯೂನಿಫಾರ್ಮಿನಲ್ಲಿ ಮಗಳು ಹಿಬಾ, ವಿಡಿಯೋದಲ್ಲಿದ್ದದ್ದಕ್ಕಿಂತ ಒಂದು ಗೇಣು ಎತ್ತರ.

"ಆಯಿತಾ?"

"ಆಯಿತು ಅಕ್ಕ."

ಹಿಬಾ ಫೋನನ್ನು ಕಸಿದುಕೊಂಡಳು. ನಾಲ್ಕು ದಿನದ ವಿಡಿಯೋಗಳು ಒಂದರ ಹಿಂದೆ ಒಂದು ಬಂದು ಬಿದ್ದವು. ಅವಳು ಸ್ಟೂಲಿನಲ್ಲಿ ಕುಳಿತು ನೋಡಿದಳು. ಒಮ್ಮೆ ಬಾಯಿಗೆ ಕೈ ಅಡ್ಡ ಹಿಡಿದಳು, ಒಮ್ಮೆ ಮೈಯೆಲ್ಲ ಕುಲುಕಿ ನಕ್ಕಳು. ಬಾವಾ ಯಾಕೋ ರೇಡಿಯೋ ನಿಲ್ಲಿಸಿದರು.

"ನೀವು ಯಾಕೆ ಅದನ್ನು ಬಂದ್ ಮಾಡಿದ್ದು?" ಫೌಝಿಯಾ ನಕ್ಕಳು. "ಅವಳಿಗೆ ಹುಟ್ಟಿನಿಂದಲೇ ಕೇಳುವುದಿಲ್ಲ."

"ಮತ್ತೆ ಮಾತು ನಡೆಯುವಾಗ ಗಲಾಟೆ ಮಾಡುವುದಾ?" ಎಂದರು ಬಾವಾ.

"ಶಾಲೆಯಲ್ಲಿ ಕಲಿಸುವ ಕೈಭಾಷೆಯಾ ಇದು?" ಧನರಾಜ ಕೇಳಿದ. ಜನರ ಮನೆಯ ವಿಷಯವನ್ನು ಅವನು ಮೊದಲ ಸಲ ಕೇಳಿದ್ದು.

"ಅಲ್ಲಪ್ಪ, ಅದು ಬೇರೆ. ಇದು ಮನೆಯದ್ದು. ನೀವು ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ತುಳು ಮಾತಾಡಿದ ಹಾಗೆ. ಇವಳೂ ಇವಳ ಉಪ್ಪ ಫಾರಿಸೂ ಸೇರಿ ಮಾಡಿಕೊಂಡದ್ದು. ನಾನು ಸ್ವಲ್ಪ ಹಿಂದೆ, ವ್ಯಾಕರಣ ತಪ್ಪುತ್ತೇನೆ ಅಂತ ಇಬ್ಬರೂ ತಮಾಷೆ ಮಾಡ್ತಾರೆ."

"ಎಷ್ಟು ಜನಕ್ಕೆ ಬರ್ತದೆ?"

"ಎಷ್ಟು ಜನಕ್ಕಾ? ನಾವು ಮೂರೇ ಜನ." ಅವಳು ಮಗಳ ಜಡೆ ಸರಿಮಾಡುತ್ತ ಮುಂದುವರಿಸಿದಳು. "ಯಾವುದಾದರೂ ಮರೆತರೆ ಹಳೆಯ ವಿಡಿಯೋ ತೆಗೆದು ನೋಡುವುದು. ಎಲ್ಲ ಇಟ್ಟಿದ್ದಾಳೆ. ಅದಕ್ಕೇ ಅಲ್ವಾ ಫೋನ್ ತುಂಬಿದ್ದು! ಅಂದ ಹಾಗೆ, ನೀವು ಎಂತ ತೆಗೆದದ್ದು?"

"ಅರ್ಧಂಬರ್ಧ ಇಳಿದ ಫೈಲು. ಇಪ್ಪತ್ತಮೂರು ಇತ್ತು."

"ಅಷ್ಟೇನಾ? ಅಯ್ಯೋ, ನಾನೇ ಒತ್ತಿ ಒತ್ತಿ ತುಂಬಿಸಿದ್ದು ಹಾಗಾದರೆ!"

ಹಿಬಾ ತಾಯಿಯ ತೋಳು ಹಿಡಿದೆಳೆದು, ಧನರಾಜನ ಕಡೆ ನೋಡುತ್ತ ಕೈಯಾಡಿಸಿದಳು. ಹೆಬ್ಬೆರಳು ಮತ್ತು ತೋರುಬೆರಳು ಸೇರಿಸಿ, ಕಣ್ಣಿನ ಹತ್ತಿರ ಏನೋ ಸಣ್ಣದನ್ನು ತಿರುಗಿಸುವ ಹಾಗೆ.

"ನಿಮಗೆ ಹೆಸರಿಟ್ಟಳು," ಫೌಝಿಯಾ ಹೇಳಿದಳು. "ಸ್ಕ್ರೂ ಬಿಚ್ಚುವವರು ಅಂತ. ಉಪ್ಪನಿಗೆ ಹೇಳಬೇಕಂತೆ."

ಅಲ್ಲೇ, ಫೋನಿನ ಕವರ್‌ಗಳು ತೂಗುವ ಗೋಡೆಗೆ ಬೆನ್ನು ಕೊಟ್ಟು ನಿಂತು ಹಿಬಾ ರೆಕಾರ್ಡ್ ಮಾಡಿದಳು. ಧೂಳು ಅಲ್ಲ, ಮಳೆ ಅಲ್ಲ. ಅವನಿಗೆ ತಿಳಿಯದ ಎಷ್ಟೋ ಕೈಗಳ ನಡುವೆ ಆ ಸಣ್ಣ ತಿರುವು ಎರಡು ಸಲ ಬಂತು. ಶಾರ್ಜಾದ ವ್ಯಾನಿನಲ್ಲಿ ಒಬ್ಬ ಮನುಷ್ಯ ಇನ್ನು ಸ್ವಲ್ಪ ಹೊತ್ತಿಗೆ ಅದನ್ನು ತನ್ನ ಬೆರಳಿನಲ್ಲಿ ಮಾಡಿ ನೋಡುತ್ತಾನೆ.

ಆಮೇಲೂ ಅವರು ಎರಡು ಮೂರು ಸಲ ಅಂಗಡಿಗೆ ಬಂದರು. ಮೊದಲಿನ ಹನ್ನೊಂದು ವಿಡಿಯೋಗಳನ್ನು ಅಳಿಸಿದವನು ತಾನು ಎಂದು ಧನರಾಜ ಅವರಿಗೆ ಹೇಳಲೇ ಇಲ್ಲ.