ಕಿವಿಗೆ ಹಿಡಿದ ಕಾಯಿ

ಕೊಬ್ಬರಿಯ ವಿಷಯಕ್ಕೆ ಬಂದರೆ ಕಡೂರಿನಲ್ಲಿ ಮಲ್ಲಿಕಾಂಬಳ ಕಿವಿಗೆ ಎದುರಿರಲಿಲ್ಲ. ಅಟ್ಟದ ಮೇಲೆ ವರ್ಷವಿಡೀ ಒಣಗಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಒಮ್ಮೆ ಅಲ್ಲಾಡಿಸಿದರೆ ಸಾಕು, ಕೊಬ್ಬರಿ ಒಣಗಿ ಚಿಪ್ಪು ಬಿಟ್ಟು ಗಡಗಡ ಅನ್ನುತ್ತಿದೆಯೋ ಇನ್ನೂ ನೀರಿದೆಯೋ ಹೇಳಿಬಿಡುತ್ತಿದ್ದಳು. ಮಂಡಿಯವರೂ ಅವಳ ಮಾತಿಗೆ ತಲೆಯಾಡಿಸುತ್ತಿದ್ದರು. ಗಂಡ ದೇವೀರಪ್ಪನಿಗೆ ಅದೊಂದು ಹೇಳತೀರದ ಹೆಮ್ಮೆ.

ಎಂಬತ್ತಾರನೇ ಇಸವಿಯಲ್ಲಿ ಕುವೈತಿನಿಂದ ಬಂದ ಭಾಮೈದ ಮೈಕ್ರೋವೇವ್ ಓವನ್ ತಂದುಕೊಟ್ಟ. ಕೊಟ್ಟದ್ದು ಅಡುಗೆಗೆ, ಆದರೆ ದೇವೀರಪ್ಪ ಸುಮ್ಮನೆ ಕೂರುವ ಆಸಾಮಿಯೇ? ಕಾಲೇಜಿನಲ್ಲಿ ಒಂದೇ ವರ್ಷ ಓದಿದ್ದ ಸೈನ್ಸು ತಲೆಗೇರಿಬಿಟ್ಟಿತು. ಸೋಪು ಇಟ್ಟು ಪೂರಿಯಂತೆ ಉಬ್ಬಿಸಿದ. ತಂತಿಯಿಲ್ಲದ ಬಲ್ಬನ್ನು ಒಳಗೇ ಬೆಳಗಿಸಿದ. ಬೀದಿಯವರೆಲ್ಲ ಬಾಯಿಬಿಟ್ಟು ನೋಡಿದರು. ಸ್ಟೀಲ್ ಲೋಟ ಇಟ್ಟು ಕಿಡಿ ಹಾರಿದ ದಿನ ಮಲ್ಲಿಕಾಂಬ, ಇದರ ಸಹವಾಸ ಸಾಕು ಅಂದಳು. ಅವನು ನಕ್ಕುಬಿಟ್ಟ.

ಒಂದು ಮಧ್ಯಾಹ್ನ ಅವನಿಗೆ, ವರ್ಷವಿಡೀ ಕಾದು ಸಿಗುವ ಕೊಬ್ಬರಿ ಇದರಲ್ಲಿ ಗಳಿಗೆಯಲ್ಲೇ ಯಾಕಾಗಬಾರದು ಅನ್ನಿಸಿತು. ಸುಲಿದ ಕಾಯೊಂದನ್ನು ಇಡಿಯಾಗಿ ಒಳಗಿಟ್ಟ. ಆವಿ ಹೋಗಲು ಒಂದು ತೂತು ಬೇಕೆಂದು ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ, ತೂತು ಬಿದ್ದ ಕಾಯಿ ಕೊಳೆಯುತ್ತದೆಂದು ಹುಟ್ಟಿದಾಗಿನಿಂದ ಕೇಳಿ ಬೆಳೆದವನು. ಹೊರತೆಗೆದು ಹೆಂಡತಿಯನ್ನು ಕರೆದ.

"ಒಣಗಿದ್ಯಾ ಕೇಳಿ ಹೇಳೇ, ನೋಡಾಣ."

ಬಿಸಿಯೆಂದು ಸೆರಗಿನಲ್ಲಿ ಹಿಡಿದು, ಎಂದಿನಂತೆ ಕಿವಿಯ ಬಳಿ ಅಲ್ಲಾಡಿಸಿದಳು. ಒಳಗೆ ಕುದಿದು ನಿಂತಿದ್ದ ನೀರಿಗೆ ಅಷ್ಟೇ ಬೇಕಿತ್ತು. ಕಾಯಿ ಅವಳ ಕೈಯಲ್ಲೇ ಸಿಡಿಯಿತು.

ಕೆನ್ನೆಯ ಸುಟ್ಟಗಾಯ ಮಾಯಿತು, ಕಿವಿ ಬರಲಿಲ್ಲ. ಒಂದು ಪೂರ್ತಿ ಹೋಗಿದೆ, ಇನ್ನೊಂದಕ್ಕೆ ಕೂಗಿದರೆ ಮಾತ್ರ ಕೇಳಿಸೀತು ಅಂದರು ಶಿವಮೊಗ್ಗದ ಡಾಕ್ಟರು. ಮಲ್ಲಿಕಾಂಬ ಒಂದು ದಿನವೂ ಗಂಡನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಒಂದಿಷ್ಟು ಹಗುರಾಗುತ್ತಿತ್ತೇನೋ. ಓವನ್ನಿಗೆ ಗೋಣಿಚೀಲ ಸುತ್ತಿ ಕೊಟ್ಟಿಗೆಗೆ ಹಾಕಿದ.

ಆ ವರ್ಷ ಅಟ್ಟದಿಂದ ಕಾಯಿ ಇಳಿಸುವ ಕಾಲ ಬಂತು. ಅವಳನ್ನು ಕರೆಯದೆ ಅವನೊಬ್ಬನೇ ಏಣಿ ಹತ್ತಿದ; ಅವಳೇ ಬಂದು ಏಣಿಯ ಬುಡದಲ್ಲಿ ಕೂತಳು. ಕಾಯೊಂದನ್ನು ಎತ್ತಿ ಕಿವಿಗೆ ಹಿಡಿದಳು. ಒಳಗಿನ ಕೊಬ್ಬರಿ ಗಡಗಡ ಅಂದದ್ದು ಏಣಿಯ ಮೇಲಿದ್ದ ದೇವೀರಪ್ಪನಿಗೂ ಕೇಳಿಸಿತು. ಅವಳು ಇನ್ನೊಮ್ಮೆ ಅಲ್ಲಾಡಿಸಿದಳು, ಮತ್ತೂ ಒಮ್ಮೆ.

"ಇದಿನ್ನೂ ಹಸೀದು ಕಣ್ರೀ. ಮೇಲಕ್ಕೇ ಹಾಕ್ಬಿಡಿ."

ಅವನು ಏಣಿಯಿಂದ ಬಗ್ಗಿ ಕೈಚಾಚಿದ. ಅವಳಿಗೆ ಕೇಳಿಸುವಂತೆ ಕೂಗಿ ಹೇಳಿದ: "ಹೂಂ ಕಣೇ, ಹಸೀದೇ."

ಕಾಯಿಯನ್ನು ಇಸಿದುಕೊಂಡು ಅಟ್ಟದ ಮೇಲೆ ಮೆಲ್ಲಗೆ ಇಟ್ಟ. ಅಷ್ಟರಲ್ಲಿ ಅವಳು ಮುಂದಿನದನ್ನು ಕಿವಿಗೆ ಹಿಡಿದಿದ್ದಳು. ಆ ವರ್ಷ ಅವರ ಮನೆಯಿಂದ ಮಂಡಿಗೆ ಒಂದು ಕೊಬ್ಬರಿಯೂ ಹೋಗಲಿಲ್ಲ.