ಬೇರೆ ಮನೆಯ ಸುದ್ದಿ

‘ಆಗಲ್ಲ’ ಎನ್ನುವ ಮಾತು, ಎಲ್ಲರೂ ‘ಕೇಸಿನ ಅಕ್ಕ’ ಎಂದು ಕರೆಯುವವಳ ಬಾಯಲ್ಲಿ ಬಂದದ್ದನ್ನು ಆಫೀಸಿನಲ್ಲಿ ಯಾರೂ ಕೇಳಿರಲಿಲ್ಲ. ಮಕ್ಕಳ ಆಶ್ರಯಧಾಮಕ್ಕೂ ಅಲ್ಲಿರುವ ಮಕ್ಕಳ ಮನೆಗಳಿಗೂ ನಡುವೆ ಓಡಾಡುವ ಕೆಲಸ ಅವಳದು. ಮನೆ ಸರಿಹೋಯಿತೆಂದು ಕಂಡರೆ ಮಗುವನ್ನು ವಾಪಸು ಕಳಿಸುವ ಮಾತು ಎತ್ತುವವಳೂ ಅವಳೇ. ಜೊತೆಗಾತಿ ಕೆಲಸ ಬಿಟ್ಟಾಗ ಅವಳ ಪಾಲಿನ ಮನೆಗಳೆಲ್ಲ ಇವಳ ತಲೆಗೇ ಬಂದವು. “ಆಗುತ್ತಾ?” ಎಂದು ಮೇಲಧಿಕಾರಿ ಕೇಳಿದರೆ, “ಆಗುತ್ತೆ ಬಿಡಿ ಮೇಡಂ” ಅಂದಳು ಪುಣ್ಯಾತ್ಗಿತ್ತಿ. ಆಮೇಲೆ ಊಟವೂ ಬಸ್ಸಿನಲ್ಲಿ, ನಿದ್ದೆಯೂ ಬಸ್ಸಿನಲ್ಲಿ. “ನಮ್ಮನೆಗೂ ಒಂದ್ಸಲ ವಿಸಿಟ್ ಕೊಡಮ್ಮ ತಾಯಿ” ಎಂದು ಗಂಡ ತಮಾಷೆ ಮಾಡಿದ ದಿನ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು.

ಅವತ್ತು ಬೆಳಿಗ್ಗೆ ಆಶ್ರಯಧಾಮದಲ್ಲಿ ಇಬ್ಬರು ಹುಡುಗರನ್ನು ಮಾತಾಡಿಸಿ ಬಂದಿದ್ದಳು. ಇಬ್ಬರದೂ ಒಂದೇ ವಯಸ್ಸು, ಇಬ್ಬರಿಗೂ ಮುಂದಿನ ಹಲ್ಲು ಬಿದ್ದಿತ್ತು. ಒಬ್ಬ ಮನೆಗೆ ಹೋಗಲು ತುದಿಗಾಲಲ್ಲಿ ನಿಂತಿದ್ದ. ಇನ್ನೊಬ್ಬ ಅಮ್ಮನ ಹತ್ತಿರ ಹೋಗುವುದೇ ಇಲ್ಲವೆಂದು ಹಟ ಹಿಡಿದಿದ್ದ. ಮಧ್ಯಾಹ್ನ ಮೊದಲನೆಯವನ ತಾಯಿ, ಬಟ್ಟೆ ಹೊಲಿದು ಬದುಕುವವಳು, ಬಾಗಿಲು ತೆಗೆದು ಆಸೆಯಿಂದ ಮುಖ ನೋಡಿದಳು. ಅಕ್ಕ ಅವಳ ಕೈ ಹಿಡಿದುಕೊಂಡಳು.

“ಬೇಜಾರು ಮಾಡ್ಕೋಬೇಡಿ. ಸದ್ಯಕ್ಕೆ ಬರಲ್ಲ ಅಂತಿದ್ದಾನೆ. ನಿಮ್ಮನ್ನ ಕಂಡ್ರೆ ಅವನಿಗೆ ಇನ್ನೂ ಭಯ.”

ಎಂಥ ಮುತುವರ್ಜಿ, ಎಂಥ ಮೆಲುದನಿ! ಎಲ್ಲ ಸರಿಯಾಗಿಯೇ ಹೇಳಿದ್ದಳು, ಮನೆ ಮಾತ್ರ ಬೇರೆ.

ಹೊಲಿಗೆಯವಳು ಮನಸ್ಸಿನ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದಾಗ ಮಗನನ್ನು ತಾನೇ ಆಶ್ರಯಧಾಮಕ್ಕೆ ಒಪ್ಪಿಸಿದವಳು. ಅವನಿಗಾಗಿಯೇ ಔಷಧಿ ನುಂಗಿ, ಎದ್ದು ಕೂತು, ಮತ್ತೆ ಮೆಷಿನ್ ತುಳಿಯತೊಡಗಿದ್ದಳು. ಈಗ “ಸರಿ ಅಕ್ಕ” ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡಳು.

ಮೆಟ್ಟಿಲ ತಿರುವಿನಲ್ಲಿ ಅಕ್ಕ ಗಕ್ಕನೆ ನಿಂತಳು. ಅಯ್ಯೋ, ಹಟ ಹಿಡಿದವನು ಇವಳ ಮಗನಲ್ಲ! ಓಡಿ ಬಂದು ಬಾಗಿಲು ಬಡಿದಳು.

“ತಪ್ಪಾಯ್ತಮ್ಮ! ಅದು ಬೇರೆ ಹುಡುಗ! ನಿಮ್ಮ ಮಗ ಬರ್ತಾನೆ!”

“ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡಿ ಅಕ್ಕ,” ಒಳಗಿನಿಂದ ದನಿ ಬಂತು. “ನಾನಿನ್ನು ಯಾರಿಗೋಸ್ಕರ ಚೆನ್ನಾಗಿರ್ಬೇಕು? ಹೋಗಿ ನೀವು.”

ನಂಬಿಸಲು ಏನಾದರೂ ಹೇಳೋಣವೆಂದರೆ, ಬೆಳಿಗ್ಗೆ ಇವಳ ಮಗ ಆಡಿದ ಒಂದು ಮಾತೂ ಅಕ್ಕನ ನೆನಪಿಗೆ ಬರಲೊಲ್ಲದು. ಬಾಗಿಲಿಗೆ ಒರಗಿಕೊಂಡೇ ಮೇಲಧಿಕಾರಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದಳು. “ಮೇಡಂ, ನನ್ನ ಕೈಲಿ ಆಗ್ತಿಲ್ಲ.”

“ಅಲ್ಲೇ ಇರು. ಬಾಗಿಲು ಬಿಟ್ಟು ಕದಲಬೇಡ, ಅವರನ್ನ ಮಾತಾಡಿಸ್ತಾ ಇರು. ಬಂದೆ.”

ಆಫೀಸಿನವರು ಬೆನ್ನ ಹಿಂದೆ ಬಿರುಗಾಳಿ ಎಂದು ಕರೆಯುತ್ತಿದ್ದ ಮೇಲಧಿಕಾರಿ, ಹೆಸರಿಗೆ ತಕ್ಕ ಹಾಗೆ, ಹೆಲ್ಮೆಟ್ಟನ್ನೂ ತೆಗೆಯದೆ ಮೆಟ್ಟಿಲು ಹತ್ತಿ ಬಂದಳು. ಬೈಗುಳಕ್ಕೆ ಕಾದು ತಲೆ ತಗ್ಗಿಸಿ ನಿಂತ ಅಕ್ಕನ ಬೆನ್ನ ಮೇಲೆ ಕೈಯಿಟ್ಟು, ಬಾಗಿಲಿಗೆ ಹೇಳಿದಳು:

“ತಪ್ಪು ನಂದಮ್ಮ. ಇಬ್ಬರ ಕೆಲಸ ಒಬ್ಬಳ ಮೇಲೆ ಹೇರಿದೆ. ಅವಳು ಆಗುತ್ತೆ ಅಂದ್ಳು, ಮುಖ ನೋಡಿದ್ರೆ ನನಗೇ ಗೊತ್ತಾಗ್ಬೇಕಿತ್ತು. ಬೈಯೋದಾದ್ರೆ ನನ್ನ ಬೈರಿ. ಆದ್ರೆ ಬಾಗಿಲು ತೆಗೆದು ಬೈರಿ.”

ಚಿಲಕ ಸರಿಯಿತು. ಅತ್ತು ಊದಿದ ಮುಖ. “ಹಾಗಾದ್ರೆ ನನ್ನ ಮಗ ಏನಂದ?”

ಬೆನ್ನ ಮೇಲಿನ ಕೈ ಹಾಗೇ ಇತ್ತು. ಅಕ್ಕ ಉಸಿರು ಎಳೆದುಕೊಂಡಳು. ಹುಡುಗನ ಮುಖ ಕಣ್ಣೆದುರಿಗೆ ಬಂತು.

“ಸೂಜಿಗೆ ದಾರ ಪೋಣಿಸೋವಾಗ ಅಮ್ಮ ಒಂದು ಕಣ್ಣು ಮುಚ್ಚಿ ನಾಲಿಗೆ ಹೊರಗೆ ಹಾಕ್ತಾಳೆ ಅಂದ. ಮಾಡಿ ತೋರಿಸ್ದ. ಮನೆಗೆ ಹೋದ್ಮೇಲೆ ದಾರ ನಾನೇ ಪೋಣಿಸಿಕೊಡ್ತೀನಿ ಅಂದ.”

ಹೊಲಿಗೆಯವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತ ಅತ್ತಳು. ಅಕ್ಕನೂ ಅತ್ತಳು, ಈ ಸಲ ನಲ್ಲಿಯ ಹಂಗಿಲ್ಲದೆ.

“ನಾಳೆಯಿಂದ ಹೋದವಳ ಮನೆಗಳೆಲ್ಲ ನನ್ನವು,” ಎಂದಳು ಮೇಲಧಿಕಾರಿ. “ನೀನು ರಜೆ ಹಾಕಿ ನಿದ್ದೆ ಮಾಡು. ಆಮೇಲೆ ಮನಸ್ಸಿನ ಡಾಕ್ಟರ ಹತ್ರ ಇಬ್ಬರೂ ಹೋಗೋಣ. ನಾನೂ ಒಂದು ಕಾಲದಲ್ಲಿ ಹೋಗಿದ್ದವಳೇ.” ಇಷ್ಟು ದಿನ ಇವರಿಗೆ ಯಾಕೆ ಹೇಳಲಿಲ್ಲವೋ ಎಂದು ಅಕ್ಕನಿಗೆ ಅನ್ನಿಸಿ, ಕೃತಜ್ಞತೆಯಿಂದ ಎದೆ ತುಂಬಿತು.

ಹೊರಡುವಾಗ ಹೊಲಿಗೆಯವಳು ತಡೆದಳು. “ಆ ಬೇರೆ ಹುಡುಗನ ತಾಯಿಗೆ ಇನ್ನೂ ಹೇಳಿಲ್ಲ, ಅಲ್ವಾ?”

“ಇಲ್ಲ,” ಎಂದಳು ಅಕ್ಕ.

“ಮೇಡಂ, ಅಕ್ಕನ್ನ ಒಬ್ಬರನ್ನೇ ಕಳಿಸ್ಬೇಡಿ. ಹೇಳಿದ ತಕ್ಷಣ ಎದ್ದು ಬರಬೇಡಿ, ಸ್ವಲ್ಪ ಹೊತ್ತು ಕೂತಿರಿ. ಬಾಗಿಲು ಹಾಕ್ಕೊಂಡ ಮೇಲೆ ಏನೇನು ಯೋಚನೆ ಬರುತ್ತೆ ಅಂತ ನಂಗೆ ಈಗ ತಾನೇ ಗೊತ್ತಾಯ್ತು.”